ಈಕ್ವಲೈಜರ್ ಕೊಳ್ಳೋ ಮುಂಚೆ ಸಬ್‌ವೂಫರ್ ಜಾಗ ಬದಲಿಸಿ ನೋಡಿ

ದಾವಣಗೆರೆ: ನಗರದಲ್ಲಾಗಲಿ, ಹರಿಹರದಲ್ಲಾಗಲಿ ಗೋಡೆಗೆ ಗೋಡೆ ಅಂಟಿದ ಮನೆಗಳಲ್ಲಿ ಹೋಂ ಥಿಯೇಟರ್ ಬೇಸ್ ಗುಂಯ್ ಅಂದ್ರೆ ಪಕ್ಕದ ಮನೆಯವರ ನಿದ್ದೆಯೂ ಹಾಳು. ಎಷ್ಟೋ ಸಲ ತಪ್ಪು ಸಬ್‌ವೂಫರ್‌ದಲ್ಲ, ರೂಮಿನದು. 12 ಅಡಿ ಉದ್ದದ ರೂಮಿನಲ್ಲಿ ಸುಮಾರು 47 ಹರ್ಟ್ಜ್ ಶಬ್ದ ಎದುರುಬದುರು ಗೋಡೆಗೆ ಬಡಿದು ಜೋರಾಗುತ್ತೆ.

ಮೊದಲು ಸಬ್‌ವೂಫರನ್ನ ಮೂಲೆಯಿಂದ ಸರಿಸಿ. ಇದಕ್ಕೆ ಖರ್ಚಿಲ್ಲ. ಆಮೇಲೂ ಗುಂಯ್ ನಿಲ್ಲದಿದ್ರೆ ಪ್ಯಾರಾಮೆಟ್ರಿಕ್ ಈಕ್ವಲೈಜರ್ ಆರಿಸಿ. ತೊಂದರೆ ಕೊಡೋ ಫ್ರೀಕ್ವೆನ್ಸಿಯನ್ನಷ್ಟೇ ಹಿಡಿದು ತಗ್ಗಿಸಬಹುದು. ಗ್ರಾಫಿಕ್ ಈಕ್ವಲೈಜರ್‌ನಲ್ಲಿ ಫ್ರೀಕ್ವೆನ್ಸಿಗಳು ಮೊದಲೇ ನಿಗದಿಯಾಗಿರುತ್ತವೆ. ಕೆಲವು ರಿಸೀವರ್‌ಗಳಲ್ಲಿ ಈ ಸೌಲಭ್ಯ ಮೊದಲೇ ಇರುತ್ತೆ, ನೋಡಿಕೊಳ್ಳಿ.

ರೂಮಿನಿಂದಾಗಿ ಬೇಸ್ ಕೇಳಿಸದ ಕಡೆ ಈಕ್ವಲೈಜರ್ ಏರಿಸಿದ್ರೆ ಆಂಪ್ಲಿಫೈಯರ್‌ಗೆ ಹೊರೆಯಷ್ಟೇ. ಅಲ್ಲಿ ಜಾಗ ಬದಲಿಸೋದೇ ಮದ್ದು.

2000ರ ಶಬ್ದಮಾಲಿನ್ಯ ನಿಯಮದಂತೆ ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಮಿತಿ 45 ಡೆಸಿಬಲ್.