ಕಲಾವಿದನ ವರ್ಷದ ಲೆಕ್ಕ

ವರ್ಷಾಂತ್ಯ ಬಂತೆಂದರೆ ವ್ಯಾಪಾರಿಯು ತನ್ನ ಕಿರ್ದಿ ಪುಸ್ತಕವನ್ನು ತೆರೆದು ಕೂರುತ್ತಾನೆ. ಬಂದದ್ದೆಷ್ಟು, ಹೋದದ್ದೆಷ್ಟು, ಉಳಿದದ್ದೆಷ್ಟು ಎಂಬುದು ಅಂಕಿಗಳಲ್ಲಿಯೇ ಅವನಿಗೆ ಗೋಚರವಾಗುತ್ತದೆ. ರೈತನಿಗೆ ಕಣದಲ್ಲಿನ ರಾಶಿಯೇ ವರ್ಷದ ಉತ್ತರ. ಆದರೆ ಚಿತ್ರ ಬರೆಯುವವನು, ಶಿಲ್ಪ ಕಡೆಯುವವನು, ಹಾಡು ಕಟ್ಟುವವನು ತನ್ನ ವರ್ಷದ ಲೆಕ್ಕವನ್ನು ಯಾವ ಪುಸ್ತಕದಲ್ಲಿ ಬರೆಯಬೇಕು? ಇಷ್ಟು ಚಿತ್ರಗಳಾದವು, ಇಷ್ಟು ಮಾರಾಟವಾದವು, ಇಂಥ ಬಹುಮಾನ ಬಂತು ಎಂದು ಬರೆದರೆ ಲೆಕ್ಕ ಮುಗಿಯಿತೇ?

ಬೆಳವಣಿಗೆ ಎಂಬ ಮಾತನ್ನು ನಾವು ಎರಡು ಅರ್ಥಗಳಲ್ಲಿ ಬಳಸುತ್ತೇವೆ. ಕಲ್ಲಿನ ರಾಶಿಯ ಮೇಲೆ ಇನ್ನಷ್ಟು ಕಲ್ಲು ಸುರಿದರೆ ರಾಶಿ ಬೆಳೆಯಿತು ಎನ್ನುತ್ತೇವೆ. ಬೀಜ ಮೊಳೆತು ಸಸಿಯಾದರೂ ಬೆಳೆಯಿತು ಎನ್ನುತ್ತೇವೆ. ರಾಶಿಯಲ್ಲಿ ಮೊದಲಿದ್ದ ಕಲ್ಲು ಹಾಗೆಯೇ ಇರುತ್ತದೆ. ಬೀಜವಾದರೋ ತನ್ನ ಸಿಪ್ಪೆಯನ್ನು ಒಡೆದುಕೊಳ್ಳದೆ ಸಸಿಯಾಗಲಾರದು. ಕಲಾವಿದನ ಬೆಳವಣಿಗೆ ಈ ಎರಡನೆಯ ಬಗೆಯದು. ಅದಕ್ಕೆ ಉತ್ತಮ ನಿದರ್ಶನ ನಮ್ಮ ನಾಡಿನ ಚಿತ್ರಕಲಾವಿದ ಕೆ.ಕೆ. ಹೆಬ್ಬಾರರ ಬದುಕು.

ಕಟ್ಟಿಂಗೇರಿ ಕೃಷ್ಣ ಹೆಬ್ಬಾರರು ಜನಿಸಿದ್ದು 1911ರಲ್ಲಿ, ಉಡುಪಿಯ ಸಮೀಪದ ಕಟ್ಟಿಂಗೇರಿಯಲ್ಲಿ. ಮುಂಬಯಿಯ ಸರ್ ಜೆ.ಜೆ. ಕಲಾಶಾಲೆಯಲ್ಲಿ ಓದಿ 1938ರಲ್ಲಿ ಡಿಪ್ಲೊಮಾ ಪಡೆದು, ಮುಂದೆ ಅಲ್ಲಿಯೇ ಅಧ್ಯಾಪಕರೂ ಆದರು. ಪಾಶ್ಚಾತ್ಯ ಪದ್ಧತಿಯಲ್ಲಿ ನೋಡಿದ್ದನ್ನು ನೋಡಿದಂತೆ ಬರೆಯುವ ಕೌಶಲ ಅವರಿಗೆ ಕೈವಶವಾಗಿತ್ತು. ಉದ್ಯೋಗವಿತ್ತು, ಹೆಸರಿತ್ತು. ಅದೇ ಹಾದಿಯಲ್ಲಿ ನಡೆದಿದ್ದರೆ ರಾಶಿ ಬೆಳೆಯುತ್ತಲೇ ಹೋಗುತ್ತಿತ್ತು. ಆದರೆ ತಾನು ಕಲಿತದ್ದರಲ್ಲಿ ತನ್ನ ನೆಲದ ಉಸಿರಿಲ್ಲವೆಂಬ ಅತೃಪ್ತಿ ಅವರನ್ನು ಕಾಡಿತು. ಅಜಂತಾದ ಭಿತ್ತಿಚಿತ್ರಗಳನ್ನೂ ಜೈನ, ರಜಪೂತ, ಮೊಗಲ್ ಕಿರುಚಿತ್ರಗಳನ್ನೂ ಅವರು ಹೊಸ ಕಣ್ಣಿನಿಂದ ಅಭ್ಯಸಿಸಿದರು. ಅಮೃತಾ ಶೇರ್‌ಗಿಲ್ ಅವರ ಚಿತ್ರಗಳಿಂದ ಪ್ರೇರಿತರಾದರು. ಕೇರಳದ ಜನಜೀವನವನ್ನು ಕಂಡು ಬಂದು ಬರೆದ ಚಿತ್ರಗಳಲ್ಲಿ ಅವರ ಬಣ್ಣವೂ ಬದಲಾಯಿತು, ರೇಖೆಯೂ ಬದಲಾಯಿತು.

ಇಷ್ಟಕ್ಕೇ ಅವರು ತೃಪ್ತರಾಗಲಿಲ್ಲ. ಭಾರತೀಯ ಕಲೆಯ ಜೀವಾಳವಾದ ಲಯವನ್ನು ಅರಿಯಬೇಕೆಂದು ಪಂಡಿತ ಸುಂದರಪ್ರಸಾದರಲ್ಲಿ ಶಿಷ್ಯರಾಗಿ ಸುಮಾರು ಎರಡು ವರ್ಷ ಕಥಕ್ ನೃತ್ಯವನ್ನು ಕಲಿತರು. ಚಿತ್ರ ಬರೆಯಲು ಬಲ್ಲವರೊಬ್ಬರು ಕಾಲಿಗೆ ಗೆಜ್ಜೆ ಕಟ್ಟಿ ಮೊದಲ ಹೆಜ್ಜೆಯಿಂದ ಪಾಠ ಹೇಳಿಸಿಕೊಳ್ಳುವುದೆಂದರೆ ಸಾಮಾನ್ಯವೇ? ಮುಂದೆ 1949–50ರಲ್ಲಿ, ಮೂವತ್ತೆಂಟರ ವಯಸ್ಸಿನಲ್ಲಿ, ಪ್ಯಾರಿಸ್ಸಿನ ಅಕಾಡೆಮಿ ಜೂಲಿಯನ್‌ನಲ್ಲಿ ಮತ್ತೆ ವಿದ್ಯಾರ್ಥಿಯಾದರು. ಪಾಠ ಹೇಳಿದ್ದ ಗುರು ಹೀಗೆ ಮರಳಿ ಶಿಷ್ಯರ ಸಾಲಿಗೆ ಬಂದರು.

ವ್ಯಾಪಾರಿಯ ಕಿರ್ದಿಯಲ್ಲಿ ಬರೆದರೆ ನೃತ್ಯ ಕಲಿತ ವೇಳೆಯೆಲ್ಲ ನಷ್ಟದ ಬಾಬತ್ತೇ ಸರಿ. ನರ್ತಕರನ್ನೂ ವಾದ್ಯಗಾರರನ್ನೂ ಕೆಲವೇ ಗೆರೆಗಳಲ್ಲಿ ಹಿಡಿದಿಟ್ಟ ಅವರ ರೇಖಾಚಿತ್ರಗಳನ್ನು ನೋಡಿದವರಿಗಾದರೋ ಆ ನಷ್ಟದ ಬೆಲೆ ತಿಳಿಯುತ್ತದೆ. 1964ರಲ್ಲಿ ಆ ರೇಖಾಚಿತ್ರಗಳ ಪುಸ್ತಕವೊಂದು ಹೊರಬಂದಾಗ ಅದಕ್ಕೆ ‘ಹಾಡುವ ರೇಖೆ’ ಎಂಬರ್ಥದ ಹೆಸರು ಬಂದುದು ಉಚಿತವೇ ಆಗಿತ್ತು. 1961ರಲ್ಲಿ ಪದ್ಮಶ್ರೀ, 1989ರಲ್ಲಿ ಪದ್ಮಭೂಷಣ ಪ್ರಶಸ್ತಿಗಳು ಅವರಿಗೆ ಸಂದವು. 1996ರಲ್ಲಿ ಅವರು ನಿಧನರಾದರು.

ಅಭ್ಯಾಸವೊಂದಿದ್ದರೆ ಸಾಲದೇ ಎಂದು ಕೇಳುವವರುಂಟು. ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲನು ತನ್ನ ನೀತಿಶಾಸ್ತ್ರದಲ್ಲಿ ಈ ವಿಷಯವನ್ನು ಚರ್ಚಿಸಿದ್ದಾನೆ. ಮನೆ ಕಟ್ಟುತ್ತಾ ಕಟ್ಟುತ್ತಾ ಮನುಷ್ಯನು ಮನೆ ಕಟ್ಟುವವನಾಗುತ್ತಾನೆ. ಆದರೆ ಕೆಟ್ಟದಾಗಿ ಕಟ್ಟುತ್ತಾ ಹೋದರೆ ಕೆಟ್ಟ ಕೆಲಸಗಾರನೇ ಆಗುತ್ತಾನೆ ಎಂಬುದು ಅವನ ವಾದದ ಸಾರ. ಅದೇ ಅಭ್ಯಾಸವು ಒಬ್ಬನನ್ನು ಎತ್ತುತ್ತದೆ, ಇನ್ನೊಬ್ಬನನ್ನು ಕೆಡಿಸುತ್ತದೆ. ಆದುದರಿಂದಲೇ ಮಾಡಿದ ಕೆಲಸವನ್ನು ಆಗಾಗ ನಿಂತು ನೋಡಬೇಕಾಗುತ್ತದೆ.

ಈ ಮಾತು ನಮ್ಮ ಪಾವಗಡ ಸೀಮೆಯ ಜನರಿಗೆ ಹೊಸದೇನಲ್ಲ. ವೈ.ಎನ್. ಹೊಸಕೋಟೆಯು ರೇಷ್ಮೆ ಸೀರೆಗೆ ಹೆಸರಾದ ನೇಕಾರರ ಊರು. ಮಗ್ಗದ ಮುಂದೆ ಕುಳಿತ ನೇಕಾರನಿಗೆ ಕಾಣುವುದು ಅಂದು ಲಾಳಿ ಓಡುತ್ತಿರುವ ಗೇಣುದ್ದದ ಬಟ್ಟೆ ಮಾತ್ರ. ನೆಯ್ದದ್ದೆಲ್ಲ ಸುತ್ತಿಕೊಂಡು ಒಳಗೆ ಸರಿಯುತ್ತದೆ. ಮಗ್ಗದಿಂದ ಇಳಿಸಿ ಬಿಡಿಸಿ ಹರಡಿದಾಗಲೇ ಅಂಚು, ಒಡಲು, ಸೆರಗು ಒಟ್ಟಾಗಿ ಕಣ್ಣಿಗೆ ಬೀಳುವುದು. ಎಲ್ಲಿ ಕೈ ಬಿಗಿಯಾಯಿತು, ಎಲ್ಲಿ ಸಡಿಲವಾಯಿತು ಎಂಬುದು ಆಗಲೇ ತಿಳಿಯುವುದು. ಆ ಸೀರೆಯನ್ನು ಮರಳಿ ನೆಯ್ಯಲಾಗದು ನಿಜ. ಆದರೆ ಮುಂದಿನ ಸೀರೆಗೆ ಆ ಅರಿವೇ ಬಂಡವಾಳ. ಕಲಾವಿದನಿಗೆ ವರ್ಷಾಂತ್ಯವೆಂಬುದು ಹೀಗೆ ಸುತ್ತಿಟ್ಟ ಬಟ್ಟೆಯನ್ನು ಬಿಡಿಸಿ ನೋಡುವ ಗಳಿಗೆ.

ಹಾಗೆ ನೋಡುವಾಗ ಅವನು ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಮೂರು. ಕಳೆದ ವರ್ಷ ನನಗೆ ಕಾಣದೆ ಇದ್ದದ್ದು ಈ ವರ್ಷ ಏನು ಕಂಡಿತು? ಸುಲಭವಾಗಿ ಕೈಗೆ ಬರುವ ಯಾವುದನ್ನು ನಾನು ಬಿಟ್ಟುಕೊಟ್ಟೆ? ಯಾರ ಮುಂದೆ ಶಿಷ್ಯನಾಗಿ ಕುಳಿತೆ? ಈ ಮೂರಕ್ಕೂ ಉತ್ತರವಿದ್ದರೆ, ಒಂದು ಚಿತ್ರವೂ ಮಾರಾಟವಾಗದ ವರ್ಷವನ್ನು ಸಹ ಫಲವತ್ತಾದ ವರ್ಷವೆನ್ನಲು ಅಡ್ಡಿಯಿಲ್ಲ.

ಹೆತ್ತವರು ಈ ಮಾತನ್ನು ವಿಶೇಷವಾಗಿ ಮನಸ್ಸಿಗೆ ತಂದುಕೊಳ್ಳಬೇಕು. ಮನೆಯ ಮಗ ಚಿತ್ರ ಬರೆಯುತ್ತಾನೆ, ಮಗಳು ವೀಣೆ ಕಲಿಯುತ್ತಾಳೆ ಎಂದರೆ ನಾವು ಮೊದಲು ಕೇಳುವುದು ಬಹುಮಾನ ಬಂತೇ ಎಂದು. ಬಹುಮಾನಕ್ಕಾಗಿ ಮಗು ತನಗೆ ಬರುವುದನ್ನೇ ಮತ್ತೆ ಮತ್ತೆ ಮಾಡುತ್ತದೆ. ತಪ್ಪುವ ಭಯದಿಂದ ಹೊಸದನ್ನು ಮುಟ್ಟುವುದಿಲ್ಲ. ಹೊಸ ಪಾಠದಲ್ಲಿ ತಡವರಿಸುತ್ತಿರುವ ಮಗುವನ್ನು ಕಂಡು ಇದು ಹಿಂದೆ ಬಿತ್ತು ಎನ್ನುವ ಮೊದಲು, ಇದು ಬೆಳೆಯುವ ಹೊತ್ತಿರಬಹುದೇ ಎಂದು ಯೋಚಿಸುವುದು ವಿವೇಕ.

ಜಗದ್ಗುರು ಎರಡನೆಯ ಜಾನ್ ಪಾಲರು 1999ರ ಈಸ್ಟರ್ ಹಬ್ಬದಂದು ಕಲಾವಿದರಿಗೆ ಬರೆದ ಪತ್ರದಲ್ಲಿ, ಎಲ್ಲರೂ ಕಲಾವಿದರಾಗಿ ಕರೆಯಲ್ಪಟ್ಟವರಲ್ಲವಾದರೂ ತಂತಮ್ಮ ಬಾಳನ್ನು ಒಂದು ಕಲಾಕೃತಿಯಂತೆ ರೂಪಿಸುವ ಹೊಣೆ ಎಲ್ಲರಿಗೂ ಇದೆಯೆಂಬ ಆಶಯವನ್ನು ವ್ಯಕ್ತಪಡಿಸಿದರು. ಆ ನೋಟದಿಂದ ಕಂಡರೆ ಮೇಲಿನ ಮೂರು ಪ್ರಶ್ನೆಗಳು ಕುಂಚ ಹಿಡಿದವರಿಗೆ ಮಾತ್ರ ಸೀಮಿತವಲ್ಲ. ವರ್ಷದ ಕೊನೆಯ ರಾತ್ರಿ ಮನೆಮಂದಿಯೆಲ್ಲ ಒಟ್ಟಿಗೆ ಕುಳಿತಾಗ, ಗಳಿಸಿದ್ದರ ಲೆಕ್ಕ ಮುಗಿದ ಮೇಲೆ, ಕಲಿತದ್ದರ ಲೆಕ್ಕಕ್ಕೂ ಒಂದಿಷ್ಟು ವೇಳೆ ಮೀಸಲಿರಲಿ.