ಊರಾಚೆಯ ಪರಿಚಯ

ಪ್ರಶ್ನೆ: ಬೆಳಗೋಡಿನಲ್ಲಿ ನಮ್ಮದು ಕಾಫಿ, ಮೆಣಸಿನ ತೋಟ. ಊರಿನ ವಾಟ್ಸಾಪ್ ಗುಂಪಿನಲ್ಲಿ ದಿನವಿಡೀ ಮೆಸೇಜು ಬಂದರೂ ಹೊಸದೇನೂ ಕಲಿಯಲು ಸಿಗುವುದಿಲ್ಲ. ಯಾಕೆ?

ಒಂದೇ ಕೆರೆಯ ನೀರನ್ನು ಹತ್ತು ಕೊಡಗಳಲ್ಲಿ ತುಂಬಿಟ್ಟರೂ ರುಚಿ ಒಂದೇ. ಊರಿನ ಗುಂಪೂ ಹಾಗೆಯೇ. ಅದೇ ಮಳೆ, ಅದೇ ಗೊಬ್ಬರದಂಗಡಿ. ನಿಮಗೆ ತಿಳಿದದ್ದೇ ಅವರಿಗೂ ತಿಳಿದಿರುತ್ತದೆ. ಹೊಸ ಸುದ್ದಿ ಹೆಚ್ಚಾಗಿ ಬರುವುದು ಆಪ್ತರಿಂದಲ್ಲ, ಅಲ್ಪ ಪರಿಚಯದವರಿಂದ ಎಂದು ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೋವೆಟರ್ 1973ರಲ್ಲೇ ವಿವರಿಸಿದರು. ಅಲ್ಪ ಪರಿಚಯದವರು ಓಡಾಡುವ ಬಳಗವೇ ಬೇರೆ.

ಹಾಗಾಗಿ ಕೊಡಗು, ವಯನಾಡಿನ ಕೆಲವು ಬೆಳೆಗಾರರನ್ನು ಫೇಸ್‌ಬುಕ್ಕಿನಲ್ಲಿ, ಯೂಟ್ಯೂಬಿನಲ್ಲಿ ಹುಡುಕಿಕೊಳ್ಳಿ. ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯ ತಜ್ಞರ ಮಾತಿಗೂ ಕಿವಿಗೊಡಿ.

ಕೇಳುವ ರೀತಿ ಇನ್ನೂ ಮುಖ್ಯ. "ಮೆಣಸಿನ ಬಳ್ಳಿ ಒಣಗುತ್ತಿದೆ, ಏನು ಮಾಡಲಿ?" ಎಂದರೆ ಬರುವುದು ಔಷಧಿಗಳ ಪಟ್ಟಿಯಷ್ಟೆ. ಎಲೆ, ಬುಡ, ಬೇರು ಮೂರರ ಫೋಟೊ ಹಾಕಿ. ನೀರು ನಿಲ್ಲುತ್ತದೆಯೇ ಎಂದೂ ಬರೆಯಿರಿ. ಯಾಕೆಂದರೆ ಬಳ್ಳಿ ಒಣಗಿಸುವ ರೋಗ ಒಂದೇ ಅಲ್ಲ. ಶೀಘ್ರ ಸೊರಗು ರೋಗದಲ್ಲಿ ಬುಡ ಕೊಳೆತು ಬಳ್ಳಿ ಕೆಲವೇ ವಾರಗಳಲ್ಲಿ ಸಾಯುತ್ತದೆ. ನಿಧಾನ ಸೊರಗಿನಲ್ಲಿ ಎಲೆ ಹಳದಿಯಾಗುತ್ತಾ ಬಳ್ಳಿ ವರ್ಷಗಟ್ಟಲೆ ಕುಗ್ಗುತ್ತದೆ. ಎರಡಕ್ಕೂ ಆರೈಕೆ ಬೇರೆ ಬೇರೆ. ಬುಡ ನೋಡದೆ ಮದ್ದು ಹೇಳುವವರನ್ನು ನಂಬಬೇಡಿ. ಮದ್ದು ಹಾಕಿದ ಮೇಲೆ ಬಳ್ಳಿ ಏನಾಯಿತೆಂದು ಅಲ್ಲೇ ತಿಳಿಸಿ. ಬಲ್ಲವರು ಮತ್ತೆ ಉತ್ತರಿಸುವುದು ಅಂಥವರಿಗೇ.