ಕಾಫಿ ಎಲೆಯ ಬೆನ್ನು ಹತ್ತಿ

ಹಾಸನದಿಂದ ಹೊರಟರೆ ಆಲೂರು ದಾಟುವವರೆಗೆ ರಸ್ತೆಯ ಅಕ್ಕಪಕ್ಕ ಗದ್ದೆ, ಹೊಲ. ಪಾಳ್ಯ, ಬಾಳ್ಳುಪೇಟೆ ಕಳೆಯುವಷ್ಟರಲ್ಲಿ ಸಿಲ್ವರ್ ಓಕ್ ಸಾಲು, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಕೆಳಗೆ ನೆರಳಲ್ಲಿ ಕಾಫಿ. ಸಕಲೇಶಪುರದಲ್ಲಿ ಹೇಮಾವತಿ ದಾಟಿದರೆ ಮುಂದೆ ಟಿಪ್ಪುವಿನ ಕಾಲದ, ನಕ್ಷತ್ರದಾಕಾರದ ಮಂಜರಾಬಾದ್ ಕೋಟೆ. ಪ್ರವಾಸಿಗರು ಅಲ್ಲಿ ಇಳಿಯುತ್ತಾರೆ. ನಾನು ಇಳಿದದ್ದು ಒಂದು ಅರೇಬಿಕಾ ತೋಟದ ಗೇಟಿನಲ್ಲಿ. ನೋಡಬೇಕಿದ್ದದ್ದು ಕಾಫಿ ಎಲೆಯ ಬೆನ್ನು.

ಮಳೆ ಹಿಂದೆ ಸರಿದ ಅಕ್ಟೋಬರ್ ಇದಕ್ಕೆ ತಕ್ಕ ತಿಂಗಳು. ಮೇಲಿನಿಂದ ನೋಡಿದರೆ ಎಲೆಯಲ್ಲಿ ಮಾಸಲು ಹಳದಿ ಚುಕ್ಕೆ, ಅಷ್ಟೇ. ಮಗುಚಿದರೆ ಕೇಸರಿ ಪುಡಿ. ಬೆರಳು ತಾಗಿಸಿದರೆ ಅಂಟಿಕೊಳ್ಳುತ್ತದೆ. ಇದೇ ಎಲೆ ತುಕ್ಕು ರೋಗ. ಪುಡಿಯ ಒಂದೊಂದು ಕಣವೂ ಹೆಮಿಲಿಯಾ ವಾಸ್ಟಾಟ್ರಿಕ್ಸ್ ಎಂಬ ಶಿಲೀಂಧ್ರದ ಬೀಜಕ. ಸೂಕ್ಷ್ಮದರ್ಶಕದಡಿ ಅದು ಕಿತ್ತಳೆ ತೊಳೆಯಂತೆ ಕಾಣುತ್ತದೆ. ಉಬ್ಬಿದ ಬದಿ ಒರಟು, ಒಳಬದಿ ನುಣುಪು. 1869ರಲ್ಲಿ ಸಿಲೋನಿನಲ್ಲಿ ಕಾಣಿಸಿಕೊಂಡು ಅಲ್ಲಿನ ಕಾಫಿಯನ್ನೇ ನೆಲಕಚ್ಚಿಸಿ, ಆ ದ್ವೀಪವನ್ನು ಚಹಾದತ್ತ ತಳ್ಳಿದ್ದು ಇದೇ ಪುಡಿ.

ತೋಟದ ಯಜಮಾನರು ಗಿಡದ ಕೊಂಬೆ ಬಗ್ಗಿಸಿ ತೋರಿಸಿದರು. "ಏಳ್ನೂರ ತೊಂಬತ್ತೈದಕ್ಕೂ ಬಿದ್ದಿದೆ ನೋಡಿ. ರುಚಿ ನೋಡಿದ್ರೆ ಬಿಡೋಕಾಗಲ್ಲ, ರೋಗ ನೋಡಿದ್ರೆ ಇಟ್ಕೊಳ್ಳೋಕಾಗಲ್ಲ."

ಅವರು ಹೇಳುತ್ತಿದ್ದದ್ದು ಎಸ್. 795 ತಳಿಯ ಮಾತು. 1925ರಲ್ಲಿ ಬಾಳೆಹೊನ್ನೂರಿನಲ್ಲಿ ಶುರುವಾದ ಕಾಫಿ ಸಂಶೋಧನಾ ಕೇಂದ್ರ 1940ರ ದಶಕದಲ್ಲಿ ಕೊಟ್ಟ ತಳಿ ಅದು. ಲೈಬೀರಿಕಾ ಎಂಬ ಬೇರೆ ಜಾತಿಯ ಕಾಫಿಯಿಂದ ಬಂದ ರೋಗನಿರೋಧಕ ಜೀನ್ ಅದರಲ್ಲಿದೆ. ಅಂಥ ಜೀನ್ ಇದ್ದೂ ರೋಗ ಹೇಗೆ ಬಿತ್ತು? ಉತ್ತರಕ್ಕೆ ದಾರಿ ತೋರಿಸಿದವರು ಅದೇ ಬಾಳೆಹೊನ್ನೂರಿನಲ್ಲಿದ್ದ ವಿಜ್ಞಾನಿ ಡಬ್ಲ್ಯು. ಡಬ್ಲ್ಯು. ಮೇಯ್ನ್. ತುಕ್ಕು ಒಂದಲ್ಲ, ಅದರಲ್ಲಿ ಬೇರೆ ಬೇರೆ ಪ್ರಭೇದಗಳಿವೆ, ಒಂದಕ್ಕೆ ಜಗ್ಗದ ಗಿಡ ಇನ್ನೊಂದಕ್ಕೆ ಸೋಲುತ್ತದೆ ಎಂದು ಅವರು 1930ರ ದಶಕದಲ್ಲೇ ತೋರಿಸಿದರು. ಈಗ ಜಗತ್ತಿನಲ್ಲಿ ಗುರುತಿಸಿರುವ ಪ್ರಭೇದಗಳು 50ಕ್ಕೂ ಹೆಚ್ಚು. ಮಲೆನಾಡಿನ ಮೂಲೆಯಲ್ಲಿ ನಡೆದ ಈ ಕೆಲಸ ನಮ್ಮ ಶಾಲಾ ಪುಸ್ತಕಗಳಲ್ಲಿ ಇರಬೇಕಿತ್ತು.

ಗಿಡಕ್ಕೂ ತುಕ್ಕಿಗೂ ಹೋರಾಟ ನಡೆಯುವುದು ಜೀವಕೋಶದ ಮಟ್ಟದಲ್ಲಿ. ಎಲೆಯಡಿ ನೀರಿನ ಪಸೆ ನಿಂತರೆ ಮಾತ್ರ ಬೀಜಕ ಮೊಳೆಯುತ್ತದೆ. ಮೊಳಕೆ ಪತ್ರರಂಧ್ರ ಹುಡುಕಿ ಒಳಗಿಳಿದು, ಜೀವಕೋಶಕ್ಕೆ ಹೀರುಬೇರು ಚುಚ್ಚಿ, ಅದನ್ನು ಸಾಯಿಸದೆಯೇ ಉಣ್ಣುತ್ತದೆ. ನಿರೋಧಕ ಗಿಡವಾದರೆ ಆ ಜೀವಕೋಶ ತಾನಾಗಿ ಸತ್ತು ಶತ್ರುವಿಗೆ ಅನ್ನವಿಲ್ಲದಂತೆ ಮಾಡುತ್ತದೆ. ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣವನ್ನು ಎಲೆಯ ಅಡಿಗೇ ತಾಗುವಂತೆ ಹೊಡೆಯಬೇಕೆನ್ನುವುದು ಮೊಳಕೆ ಒಳಗಿಳಿಯುವ ಮುನ್ನವೇ ತಡೆಯಲೆಂದು. ಒಳಗೆ ಹೊಕ್ಕ ಶಿಲೀಂಧ್ರವನ್ನು ಮೈಲುತುತ್ತದ ತಾಮ್ರ ಮುಟ್ಟಲಾರದು.

ತುಕ್ಕಿನ ಎದುರು ರೋಬಸ್ಟಾ ಕಾಫಿ ತೋರುವ ಗಟ್ಟಿತನವನ್ನು ಅರೇಬಿಕಾಕ್ಕೆ ತರಬಾರದೇ ಎಂದು ಯಾರಿಗಾದರೂ ಅನ್ನಿಸುತ್ತದೆ. ಅಡ್ಡಿ ವರ್ಣತಂತುಗಳದ್ದು. ಅರೇಬಿಕಾದಲ್ಲಿ 44, ರೋಬಸ್ಟಾದಲ್ಲಿ 22. ಎರಡನ್ನೂ ಕೂಡಿಸಿದರೆ ಸಾಮಾನ್ಯವಾಗಿ ಹುಟ್ಟುವುದು 33ರ ಗಿಡ. ಆ ವರ್ಣತಂತುಗಳೆಲ್ಲ ಜೋಡಿಯಾಗದೆ ಕಾಯಿ ಸರಿಯಾಗಿ ಕಟ್ಟುವುದಿಲ್ಲ. ಟಿಮೋರ್ ದ್ವೀಪದಲ್ಲಿ ಮಾತ್ರ ಪ್ರಕೃತಿಯೇ ಇವೆರಡರ 44ರ ಮಿಶ್ರತಳಿಯೊಂದನ್ನು ಮಾಡಿಟ್ಟಿತ್ತು. ಇಂದಿನ ಎಷ್ಟೋ ನಿರೋಧಕ ತಳಿಗಳ ಬೇರು ಅಲ್ಲಿದೆ. ಒಳ್ಳೆಯ ಗಿಡ ಸಿಕ್ಕ ಮೇಲೆ ಎಲೆಯ ತುಣುಕಿನಿಂದಲೇ ಭ್ರೂಣ ಬೆಳೆಸಿ ಸಸಿ ಮಾಡುವ ಅಂಗಾಂಶ ಕೃಷಿಯಲ್ಲಿ ಕಾಫಿ ಮಂಡಳಿಯ ಮೈಸೂರಿನ ಜೈವಿಕ ತಂತ್ರಜ್ಞಾನ ವಿಭಾಗ ತೊಡಗಿದೆ, ಅಲ್ಲಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯ (ಸಿ.ಎಫ್.ಟಿ.ಆರ್.ಐ.) ಸಸ್ಯಕೋಶ ವಿಭಾಗದಲ್ಲೂ ಕಾಫಿಯ ಮೇಲೆ ಸಂಶೋಧನೆ ನಡೆದಿದೆ.

ತೋಟದಿಂದ ಘಾಟಿಯ ಕಡೆಗೆ ಮುಂದುವರಿದರೆ ದೋಣಿಗಾಲ್. ಭಾರತೀಯ ಏಲಕ್ಕಿ ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರ ಇಲ್ಲಿದೆ. ಏಲಕ್ಕಿಯದು ಬೇರೆ ಶತ್ರು: ಕಟ್ಟೆ ರೋಗ. ಗಿಡಹೇನು ಹರಡುವ ಈ ವೈರಸ್ ಹೊಕ್ಕರೆ ಎಲೆಯಲ್ಲಿ ತಿಳಿಹಸಿರು ಗೆರೆಗಳು ಮೂಡಿ ಬುಡ ಕುಗ್ಗುತ್ತಾ ಹೋಗುತ್ತದೆ. ಮದ್ದಿಲ್ಲ, ಕಿತ್ತು ನಾಶಮಾಡುವುದೊಂದೇ ದಾರಿ.

ವೈರಸ್ಸಾಗಲಿ ತುಕ್ಕಾಗಲಿ, ಎರಡಕ್ಕೂ ಬದುಕಿರುವ ಜೀವಕೋಶ ಬೇಕು. ಗಾಜಿನ ತಟ್ಟೆಯಲ್ಲಿ ಬರೀ ಆಹಾರ ಹಾಕಿಟ್ಟರೆ ಇವು ಬೆಳೆಯುವುದಿಲ್ಲ. ತುಕ್ಕನ್ನು ಬೆಳೆಸಲು ಗಿಡದ ಎಲೆಯೋ ಹಸಿ ಎಲೆಯ ಬಿಲ್ಲೆಗಳೋ ಬೇಕು. ಆದ್ದರಿಂದ ಈ ಸಂಶೋಧನೆಗೆ ತೋಟವೇ ಪ್ರಯೋಗಾಲಯದ ಮೊದಲ ಕೋಣೆ.

ಹಾಸನದ ಕಾರೆಕೆರೆ ಕೃಷಿ ಕಾಲೇಜಿನಲ್ಲಿ ಜೈವಿಕ ತಂತ್ರಜ್ಞಾನ ಓದುವ ಮಕ್ಕಳಿದ್ದಾರೆ. ಈ ತೋಟಗಳಿಗೆ ಬಸ್ಸಿನಲ್ಲಿ ಬಂದು ಸಂಜೆಗೆ ಹಿಂದಿರುಗಬಹುದು. ಮುಂದೆ ಸ್ನಾತಕೋತ್ತರ ಪ್ರಬಂಧಕ್ಕೆ ವಿಷಯ ಹುಡುಕುವಾಗ ಅವರು ದೂರ ನೋಡುವುದು ಬೇಡ. ಅವರಿಗೆ ನನ್ನ ಮಾತು ಇಷ್ಟೇ: ಅಕ್ಟೋಬರಿನಲ್ಲಿ ಯಜಮಾನರ ಅಪ್ಪಣೆ ಪಡೆದು ಒಂದು ತೋಟಕ್ಕೆ ಬನ್ನಿ, ಯಾವ ತಳಿಗೆ ಎಷ್ಟು ತುಕ್ಕು ಬಿದ್ದಿದೆ ಎಂದು ನೋಡಿ, ಕಂಡದ್ದನ್ನು ಬೆಳೆಗಾರರಿಗೆ ಕನ್ನಡದಲ್ಲಿ ತಿಳಿಸಿ.